ಕುಂಬಳಕಾಯಿಗೊಬ್ಬ ಗಂಡಸು ಬೇಕಾಗಿದ್ದ

ಸರ್ವರ್ ಬೇಗಂ ಹೆಸರೆತ್ತಿದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು. ಪ್ರೀತಿ ಬರುವುದಿಲ್ಲ ಅಂತಲ್ಲ, ಬರುತ್ತದೆ, ಆದರೆ ಸಿಟ್ಟಿನ ಹಿಂದೆ ಬರುತ್ತದೆ. ತುಮಕೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಸರ್ವಿಸ್ ಮುಗಿಸಿದವಳು ನಾನು. ಯಾವ ಆಸ್ಪತ್ರೆ ಎಂದು ಕೇಳಬೇಡಿ. ಅಷ್ಟು ವರ್ಷದಲ್ಲಿ ಕುಡಿದು ಬಂದ ಗಂಡಂದಿರನ್ನು ನೋಡಿದ್ದೇನೆ, ಹೆಣ್ಣು ಹುಟ್ಟಿತೆಂದು ಮುಖ ತಿರುಗಿಸಿಕೊಂಡು ಬಸ್ಸು ಹತ್ತಿದ ಅತ್ತೆಯರನ್ನು ನೋಡಿದ್ದೇನೆ, ಅವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದು ಮನೆಗೆ ಹೋಗಿ ನಿದ್ದೆ ಮಾಡಿದ್ದೇನೆ. ಈ ಒಬ್ಬ ಹೆಂಗಸು ಮಾತ್ರ ಒಂದು ಬೈಗುಳಕ್ಕೂ ಸಿಕ್ಕದೆ ನನ್ನ ತಲೆ ಚಿಟ್ಟು ಹಿಡಿಸಿದಳು. ಒಳ್ಳೆಯವರ ಜೊತೆ ಏಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದೇ ಈಕೆಯಿಂದ.

ನಮ್ಮ ಆಸ್ಪತ್ರೆಯ ಹಿಂದೆ ಒಂದು ಅಂಗಳ ಇತ್ತು. ಎರಡು ಹೊಂಗೆ ಮರ, ಒಂದು ತಗಡಿನ ಶೆಡ್, ಅದರ ಕೆಳಗೆ ಕಲ್ಲು ಹೂಡಿದ ಒಲೆಗಳು. ಹೆರಿಗೆಗೆ ಬಂದವರಿಗೆ ಆಸ್ಪತ್ರೆಯಿಂದ ಬ್ರೆಡ್ಡು, ಹಾಲು ಸಿಗುತ್ತಿತ್ತು. ಅವರ ಜೊತೆ ಬಂದವರಿಗೆ ಏನೂ ಇಲ್ಲ. ಕುಣಿಗಲ್ ಕಡೆಯಿಂದ, ಗುಬ್ಬಿ ಕಡೆಯಿಂದ, ಹುತ್ರಿದುರ್ಗದ ಹಳ್ಳಿಗಳಿಂದ ಬಂದ ತಾಯಂದಿರು, ಅತ್ತೆಯರು, ಅಕ್ಕಂದಿರು ಟವೆಲ್ಲಿನಲ್ಲಿ ರಾಗಿಹಿಟ್ಟು ಕಟ್ಟಿಕೊಂಡು ಬಂದು ಆ ಅಂಗಳದಲ್ಲೇ ಬಿಡಾರ ಹೂಡುತ್ತಿದ್ದರು. ಮುದ್ದೆ ಹೇಗೋ ಆಗುತ್ತಿತ್ತು. ಅದಕ್ಕೆ ಸಾರು? ಹುಣಸೆಹಣ್ಣು, ಉಪ್ಪು, ಮೆಣಸಿನಕಾಯಿ ಕಿವುಚಿದ ನೀರು. ಹಿಟ್ಟು ಮುಗಿದ ಮೇಲೆ ಗೇಟಿನ ಪಕ್ಕದ ತಿಪ್ಪಯ್ಯನ ಅಂಗಡಿಯ ಟೀ, ಬನ್ನು. ಹೆರಿಗೆ ಕಷ್ಟವಾಗಿ ಸೊಸೆ ಒಳಗೆ ವಾರಗಟ್ಟಲೆ ಮಲಗಿದರೆ ಅತ್ತೆ ಹೊರಗೆ ಬನ್ನು ತಿಂದುಕೊಂಡೇ ಇರಬೇಕು.

ಸರ್ವರ್ ಬೇಗಂ ಆ ಅಂಗಳಕ್ಕೆ ಬಂದದ್ದು ತೊಂಬತ್ತೆರಡರಲ್ಲಿ, ಮಗಳು ಫಿಜಾಳ ಹೆರಿಗೆಗೆ. ಗಂಡ ಮುಖ್ತಾರ್ ಅಹಮದ್ ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿದ್ದವರು, ತೀರಿಕೊಂಡಿದ್ದರು. ಅಂಗಡಿ ಮಗ ಯಾಸಿರ್ ಕೈಗೆ ಬಂದಿತ್ತು. ಫಿಜಾಗೆ ಆಪರೇಷನ್ ಆಗಿ, ಆಮೇಲೆ ಜ್ವರ ಬಿಡಲಿಲ್ಲ, ತಾಯಿ ಅಂಗಳ ಬಿಡಲಿಲ್ಲ. ಮನೆ ಊರಲ್ಲೇ ಇದೆ, ಹೋಗಿ ಉಂಡು ಬಾರಮ್ಮ ಎಂದು ನಾನು ಹೇಳಿದರೆ ಕೇಳಬೇಕಲ್ಲ. ಮಗಳನ್ನು ಕಣ್ಣಳತೆಯಿಂದ ಬಿಟ್ಟು ಹೋಗುವುದಿಲ್ಲ ಎಂದು ಅದೇ ಬನ್ನು ತಿಂದುಕೊಂಡು ಕುಳಿತಳು. ಫಿಜಾ ಹುಷಾರಾಗಿ ಮನೆಗೆ ಹೋದಳು. ತಾಯಿ ಮಾತ್ರ ಮುಂದಿನ ವಾರ ಮತ್ತೆ ನನ್ನ ಮುಂದೆ ಪ್ರತ್ಯಕ್ಷ.

"ಸಿಸ್ಟರ್, ಆ ಹೆಂಗಸ್ರು ಉಪ್ಪುನೀರಲ್ಲಿ ಮುದ್ದೆ ನುಂಗ್ತಾ ಅವ್ರೆ. ನಾನು ಅವರ ಪಕ್ಕದಲ್ಲೇ ಕೂತಿದ್ದೆ, ಕಣ್ಣಾರೆ ನೋಡಿದೀನಿ. ಗುಬ್ಬಿ ಗೇಟ್ ಆಚೆ ನಮ್ಮನೆಯವ್ರು ಹತ್ತಿ ಒಣಗಿಸ್ತಿದ್ದ ಜಾಗ ಐತೆ, ಬಾವಿ ಐತೆ. ತರಕಾರಿ ಹಾಕ್ತೀನಿ, ಇವ್ರಿಗೆ ತಂದು ಕೊಡ್ತೀನಿ."

"ಮಾಡಮ್ಮ, ಪುಣ್ಯ ಬರತ್ತೆ," ಎಂದೆ. ಎರಡು ದಿನದ ಉಮೇದು, ಆಮೇಲೆ ತಣ್ಣಗಾಗುತ್ತಾಳೆ ಎಂದುಕೊಂಡಿದ್ದೆ. ತಣ್ಣಗಾಗಲಿಲ್ಲ. ಸೀರೆ ಎತ್ತಿ ಕಟ್ಟಿ, ತಲೆಗೆ ಸೆರಗು ಬಿಗಿದು, ಆ ಜಾಗವನ್ನು ತಾನೇ ಅಗೆದಳು.

ಮೊದಲು ಬೆಳೆದದ್ದು ಹುರುಳಿಕಾಯಿ, ಬದನೆಕಾಯಿ. ಮನೆಯಲ್ಲೇ ಹುಳಿ ಮಾಡಿ ದೊಡ್ಡ ಡಬರಿಯಲ್ಲಿ ತಂದಳು. ಅಂಗಳದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಈಗ್ತಾನೆ ಊಟ ಆಯ್ತು ಕಣವ್ವ," ಎಂದರು. ಊಟ ಎಲ್ಲಿ ಆಗಿತ್ತು, ಒಲೆಗೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ತುರುಕರ ಮನೆ ಹುಳಿ ಎಂದು ಬಾಯಿ ಬಿಟ್ಟು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಸರ್ವರ್ ಬೇಗಂ ಮಾತ್ರ ಡಬರಿ ಮುಚ್ಚಿ ಎತ್ತಿಕೊಂಡು, "ಸರಿ ಬಿಡಿ ಸಿಸ್ಟರ್, ಹಸೀದು ತರ್ತೀನಿ, ಹಸೀ ತರಕಾರಿಗೆ ಯಾವ ಜಾತಿ?" ಎಂದು ನಕ್ಕು ಹೋದಳು.

ಹಸಿ ತರಕಾರಿ ತಂದಳು. ತೆಗೆದುಕೊಂಡರು. ಆಗ ಶುರುವಾಯಿತು ಪಥ್ಯ. ಅಂಗಳದ ಹೆಂಗಸರಿಗೆ ತಾವು ಉಂಡರೆ ಸಾಲದು, ಒಳಗಿನ ಬಾಣಂತಿಗೂ ಒಂದು ತುತ್ತು ಕೊಡಬೇಕಲ್ಲ. ಬದನೆಕಾಯಿ ನಂಜು. ಸೋರೆಕಾಯಿ ಶೀತ. ದಂಟಿನ ಸೊಪ್ಪು ತಿಂದರೆ ಮಗು ಹಸಿರಾಗಿ ಕಕ್ಕ ಮಾಡುತ್ತದೆ. ಹುರುಳಿಕಾಯಿ ವಾಯು. ನಾನು ವಾರ್ಡಿನಲ್ಲಿ ನಿಂತು, "ರಕ್ತ ಇಲ್ಲದೆ ಬಿಳಿಚಿಕೊಂಡು ಬಿದ್ದಿದೀರಲ್ರೇ, ಸೊಪ್ಪು ತಿನ್ನಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಹ್ಞೂಂ ಸಿಸ್ಟರ್ ಎಂದು ತಲೆಯಾಡಿಸಿ, ನಾನು ಬೆನ್ನು ತಿರುಗಿಸಿದ ಕೂಡಲೇ ತಟ್ಟೆಯನ್ನು ಮಂಚದ ಕೆಳಗೆ ತಳ್ಳಿದರು. ಕೊನೆಗೆ ಎಲ್ಲರೂ ಒಪ್ಪಿದ್ದು ಸಬ್ಬಸಿಗೆ ಸೊಪ್ಪು ಒಂದನ್ನೇ, ಬಾಣಂತಿಗೆ ಹಾಲು ಬರುತ್ತದಂತೆ. ಸರಿ, ಸರ್ವರ್ ಬೇಗಂ ಅರ್ಧ ತೋಟಕ್ಕೆ ಸಬ್ಬಸಿಗೆ ಚೆಲ್ಲಿದಳು. ಆ ವರ್ಷ ನಮ್ಮ ವಾರ್ಡಿನಲ್ಲಿ ಡೆಟಾಲ್ ವಾಸನೆಗಿಂತ ಸಬ್ಬಸಿಗೆ ವಾಸನೆಯೇ ಜಾಸ್ತಿ ಇತ್ತು.

ಇಷ್ಟಾದ ಮೇಲೆ ಕೆಲವು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಬೆಳಿಗ್ಗೆ ಬುಟ್ಟಿ ಹೊತ್ತು ಬರುವಳು, ಶೆಡ್ಡಿನಲ್ಲಿ ಇಳಿಸುವಳು, ಯಾರ ಸೊಸೆಗೆ ನೋವು ಬಂತು, ಯಾರ ಮಗಳಿಗೆ ಆಪರೇಷನ್ ಎಂದು ವಿಚಾರಿಸುವಳು, ಅವರು ಉಣ್ಣುವುದನ್ನು ನೋಡಿಕೊಂಡೇ ಹೋಗುವಳು. ಅದೊಂದು ಚಟ ಆಗಿಹೋಗಿತ್ತು ಆಕೆಗೆ. "ಮನೇಲಿ ಉಂಡ್ರೆ ಹೊಟ್ಟೆ ತುಂಬಲ್ಲ ಸಿಸ್ಟರ್, ಇಲ್ಲಿ ಇವ್ರು ಉಣ್ಣೋದು ನೋಡಿದ್ರೆ ತುಂಬತ್ತೆ," ಎನ್ನುತ್ತಿದ್ದಳು.

ತೊಂದರೆ ಇದ್ದದ್ದು ಬೇಸಿಗೆಯಲ್ಲಿ. ಬಾವಿಯ ನೀರು ತಳ ಹತ್ತಿ ಸೊಪ್ಪೆಲ್ಲ ಸುಟ್ಟುಹೋಗುತ್ತಿತ್ತು. ಅದಕ್ಕೆ ಆಕೆ ಮಾಡಿದ ಉಪಾಯ ಸಿಹಿಕುಂಬಳ. ಮಳೆಗಾಲದಲ್ಲಿ ಬೀಜ ಹಾಕಿದರೆ ಚಳಿಗಾಲದಲ್ಲಿ ಕಾಯಿ, ಒಣಜಾಗದಲ್ಲಿಟ್ಟರೆ ಬೇಸಿಗೆ ಮುಗಿಯುವವರೆಗೂ ಕೆಡುವುದಿಲ್ಲ. ನೆಲದ ತೇವಕ್ಕೆ ಕಾಯಿ ಕೊಳೆಯಬಾರದೆಂದು ಅಂಗಡಿಯ ಹಳೇ ಹಾಸಿಗೆ ಬಿಚ್ಚಿ, ಒಂದೊಂದು ಕಾಯಿಯ ಕೆಳಗೂ ಹತ್ತಿಯ ಮೆತ್ತೆ ಇಟ್ಟಿದ್ದಳು. ನಾನು ಒಂದು ಭಾನುವಾರ ಹೋಗಿ ನೋಡಿದೆ. ನಮ್ಮ ವಾರ್ಡಿನಲ್ಲಿ ಬಾಣಂತಿಯರಿಗೆ ಹರಿದ ರೆಕ್ಸಿನ್ ಹಾಸಿಗೆ, ಇಲ್ಲಿ ಕುಂಬಳಕಾಯಿಗಳು ಹತ್ತಿ ಹಾಸಿಗೆಯ ಮೇಲೆ ಮಲಗಿದ್ದವು.

ತೊಂಬತ್ತೇಳರ ಬೇಸಿಗೆಗೆ ಮೊದಲ ಕುಂಬಳಕಾಯಿ ಅಂಗಳಕ್ಕೆ ಬಂತು. ಎಂಥ ಕಾಯಿ, ಒಬ್ಬರು ಎತ್ತಲಾರರು. ಎಲ್ಲರೂ ಸುತ್ತ ನಿಂತು ಹೊಗಳಿದರು. ಒಡೆಯುವವರು ಮಾತ್ರ ಯಾರೂ ಇಲ್ಲ. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು, ಮೊದಲ ಏಟು ಗಂಡಸಿನದಾಗಬೇಕು, ಅದು ಬಲಿಗೆ ಸಮ. ಸರಿ, ಗಂಡಸರನ್ನು ಕರೆಯಿರಿ ಎಂದೆ. ಆಸ್ಪತ್ರೆಯಲ್ಲಿದ್ದ ಗಂಡಸರೆಲ್ಲ ಬಸುರಿಯರ ಗಂಡಂದಿರು. ಬಸುರಿಯ ಗಂಡ ತೆಂಗಿನಕಾಯಿಯನ್ನೇ ಒಡೆಯಬಾರದು, ಇನ್ನು ಕುಂಬಳಕಾಯಿ! ಒಡೆದರೆ ಹೊಟ್ಟೆಯಲ್ಲಿರುವ ಮಗುವಿಗೆ ಕೇಡು. ಹೆರಿಗೆ ಆದವರ ಗಂಡಂದಿರು? ಅವರಿಗೆ ಪುರುಡು, ಅವರು ಮುಟ್ಟಿದ್ದನ್ನು ಬಸುರಿ ಕಡೆಯವರು ತಿನ್ನುವುದಿಲ್ಲ. ಡಾಕ್ಟರನ್ನೇ ಕೇಳೋಣ ಎಂದರೆ ಅವರ ಹೆಂಡತಿಗೂ ಆರು ತಿಂಗಳು. ಯಾಸಿರ್‌ನನ್ನು ಕರೆಸೋಣ ಎಂದರೆ ಅವನ ಹೆಂಡತಿ ಉಝ್ಮಾಗೂ ದಿನ ತುಂಬಿದೆ. ಟೀ ಅಂಗಡಿಯ ತಿಪ್ಪಯ್ಯ ಗಂಡಸೇ, ಆದರೆ ಕುಂಬಳಕಾಯಿ ಒಡೆದರೆ ಅವನ ಬನ್ನು ಉಳಿದುಹೋಗುತ್ತದೆ. ಸೊಂಟನೋವು ಎಂದುಬಿಟ್ಟ. ಇಷ್ಟು ದೊಡ್ಡ ತುಮಕೂರಿನಲ್ಲಿ ಒಂದು ಕುಂಬಳಕಾಯಿ ಒಡೆಯಲು ಒಬ್ಬ ಗಂಡಸು ಸಿಗಲಿಲ್ಲ ಎಂದರೆ ನೀವು ನಂಬುತ್ತೀರಾ?

ನಾನೇ ಒಡೆಯುತ್ತೇನೆ, ಮಚ್ಚು ಕೊಡಿ ಎಂದೆ. ನಾನೂ ಹೆಂಗಸೇ ಎಂದು ಒಬ್ಬ ಮುದುಕಿ ನನಗೆ ನೆನಪು ಮಾಡಿದಳು.

ಮಾರನೆಯ ದಿನ ಸರ್ವರ್ ಬೇಗಂ ಮನೆಯಲ್ಲೇ ಹೆಚ್ಚಿಕೊಂಡು ಬಂದಳು. ಹೋಳು ಹೋಳು, ತೊಳೆದು, ಬುಟ್ಟಿ ತುಂಬ. ನನಗೆ ಸಮಾಧಾನವಾಯಿತು, ಮುಗಿಯಿತಲ್ಲ ರಗಳೆ ಎಂದು. ಆ ಮುದುಕಿ ಕೇಳಿದಳು: "ಯಾರವ್ವ ಒಡೆದಿದ್ದು?"

ಅಂಗಡಿಯ ಆಳು ಎಂದಿದ್ದರೆ ಆಗುತ್ತಿತ್ತು. ಪಕ್ಕದ ಮನೆಯವನು ಎಂದಿದ್ದರೂ ಆಗುತ್ತಿತ್ತು. ದಾರಿಯಲ್ಲಿ ಹೋಗುವ ಯಾವನೋ ಎಂದಿದ್ದರೂ ಅಂಗಳದವರೆಲ್ಲ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಈಕೆ, "ನಾನೇ," ಎಂದಳು.

ಬುಟ್ಟಿ ಹಾಗೇ ಉಳಿಯಿತು. ನಾನು ಆಕೆಯನ್ನು ಪಕ್ಕಕ್ಕೆ ಎಳೆದುಕೊಂಡು ಹೋದೆ. "ಒಂದು ಸುಳ್ಳು ಹೇಳೋಕೆ ಏನಮ್ಮ ನಿನಗೆ? ಗಂಟು ಹೋಗ್ತಿತ್ತಾ?"

"ಕೇಳಿದ್ರಲ್ಲ ಸಿಸ್ಟರ್. ಕೇಳಿದ್ರೆ ಇದ್ದದ್ದು ಹೇಳ್ಬೇಕು. ನನಗೆ ಬರಲ್ಲ ಅದೆಲ್ಲ."

ಬರುತ್ತಿರಲಿಲ್ಲ, ನಿಜ. ಸೊಪ್ಪಿನಲ್ಲಿ ಹುಳ ಇದೆಯಾ ಎಂದರೆ ಇದೆ ಎನ್ನುತ್ತಿದ್ದಳು. ಆಪರೇಷನ್ ಎಂದರೆ ತುಂಬ ನೋಯುತ್ತದಾ ಎಂದು ನಡುಗುತ್ತ ಕೇಳಿದ ಹುಡುಗಿಗೆ, ನೋಯತ್ತೆ ಕಣಮ್ಮ, ನನ್ನ ಮಗಳು ಬಾಳ ಅತ್ತಳು ಎಂದು ಹೇಳಿ ನನ್ನ ಕೈಯಲ್ಲಿ ಮಂಗಳಾರತಿ ಮಾಡಿಸಿಕೊಂಡಿದ್ದಳು.

ಕೊನೆಗೆ ಹೊಳೆದವನು ಕದರಯ್ಯ, ನಮ್ಮ ವಾಚ್‌ಮನ್. ಹುತ್ರಿದುರ್ಗದ ಪಕ್ಕದ ಹಳ್ಳಿಯವನು, ಹೆಂಡತಿ ರಂಗಲಕ್ಷ್ಮಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದ. ರಂಗಲಕ್ಷ್ಮಮ್ಮನಿಗೆ ಬಸಿರು ನಿಂತದ್ದು ಹಲವು ಸಲ, ಉಳಿದದ್ದು ಒಂದೂ ಇಲ್ಲ. ಎಲ್ಲ ನಮ್ಮ ಕೈಯಲ್ಲೇ ಹೋದವು. ಈಗ ನಲವತ್ತು ದಾಟಿತ್ತು. "ಕದರಯ್ಯಂಗೆ ಮಕ್ಕಳಿಲ್ಲ, ಇನ್ನು ಆಗದೂ ಇಲ್ಲ, ಅವ್ನು ಒಡೀಬೋದು ಬುಡಿ," ಎಂದು ಅಂಗಳ ತೀರ್ಮಾನ ಮಾಡಿತು. ಅವನ ಮುಖದ ಮೇಲೇ ಹೇಳಿದರು. ಕದರಯ್ಯ ಮಚ್ಚು ಕೇಳಿದ.

ಆದರೆ ಆ ಮನುಷ್ಯನ ಮೇಲೆ ಕನಿಕರ ಇಟ್ಟುಕೊಳ್ಳುವುದು ಕಷ್ಟ. ಒಂದೇ ವಾರದಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲದಂತಾಯಿತು. ಒಡೆಯುವ ಮುಂಚೆ ಚಪ್ಪಲಿ ಬಿಡುವುದೇನು, ಪೂರ್ವಕ್ಕೆ ತಿರುಗುವುದೇನು, "ಹೆಂಗಸ್ರೆಲ್ಲ ಅತ್ಲಾಗೆ ಸರೀರಿ," ಎಂದು ಗದರುವುದೇನು! ಕರೆದ ಕೂಡಲೇ ಬರುತ್ತಿರಲಿಲ್ಲ. ಬೀಡಿ ಮುಗಿಯಬೇಕು, ಇನ್ನೊಮ್ಮೆ ಕರೆಯಬೇಕು. ಅವನ ರಜೆಯ ದಿನ ಅಂಗಳದಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಗೇಟು ಕಾಯಲು ಸಂಬಳ ಕೊಟ್ಟರೆ ಗೇಟು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದ. ಹೋಗಲಿ, ಹೆಂಗಸರು ಉಣ್ಣುತ್ತಿದ್ದಾರಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಹೀಗೆ ಆ ಬೇಸಿಗೆ ದಾಟಿತು, ಮುಂದಿನ ಬೇಸಿಗೆಯೂ ಅರ್ಧ ಆಯಿತು.

ಆಗ ಒಂದು ದಿನ ರಂಗಲಕ್ಷ್ಮಮ್ಮ ಕಾಲು ಊದಿದೆ ಎಂದು ತೋರಿಸಲು ಬಂದಳು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. ಐದು ತಿಂಗಳು ತುಂಬಿತ್ತು. "ಗೊತ್ತಿರ್ಲಿಲ್ವೇನೆ?" ಎಂದೆ. ಗೊತ್ತಿತ್ತಂತೆ. ಹಿಂದೆಲ್ಲ ಹೇಳಿಕೊಂಡು ಕಳೆದುಕೊಂಡದ್ದು ಸಾಕು, ಈ ಸಲ ಯಾರ ಕಣ್ಣೂ ಬೀಳದಿರಲಿ ಎಂದು ಗಂಡನಿಗೂ ಬಾಯಿ ಬಿಡದೆ, ಸೆರಗು ಹೊದ್ದುಕೊಂಡೇ ಓಡಾಡಿದ್ದಾಳೆ. ದೇವರಾಯನದುರ್ಗದ ನರಸಿಂಹನಿಗೆ ಮಾತ್ರ ಹೇಳಿಕೊಂಡಿದ್ದಳಂತೆ.

ನಾನು ಓಡಿಹೋಗಿ ಕದರಯ್ಯನಿಗೆ ಹೇಳಿದೆ. ಅವನು ನಕ್ಕ. ಅಷ್ಟು ವರ್ಷದಲ್ಲಿ ಅವನ ಹಲ್ಲು ನಾನು ನೋಡಿದ್ದು ಅದೇ ಮೊದಲು. ಮರುಗಳಿಗೆಯಲ್ಲೇ ಅವನ ಮುಖ ಬೂದಿಯಾಯಿತು. ಅವತ್ತು ಬೆಳಿಗ್ಗೆ ಅವನು ಕುಂಬಳಕಾಯಿ ಒಡೆದಿದ್ದ. ಹಿಂದಿನ ದಿನವೂ ಒಡೆದಿದ್ದ. ಈ ಐದು ತಿಂಗಳಲ್ಲಿ ಎಷ್ಟು ಒಡೆದಿದ್ದನೋ ಅವನಿಗೇ ಗೊತ್ತಿರಲಿಲ್ಲ. ಮೂಢನಂಬಿಕೆ ಕಣಯ್ಯಾ, ಡಾಕ್ಟರನ್ನೇ ಕೇಳು ಎಂದೆ. ಡಾಕ್ಟರೂ ಹೇಳಿದರು. ಅವನು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ರಂಗಲಕ್ಷ್ಮಮ್ಮನಿಗೆ ಬಿ.ಪಿ. ಏರಿತ್ತು, ಅಡ್ಮಿಟ್ ಮಾಡಿಕೊಂಡೆವು. ಗಂಡ ಅತ್ತದ್ದು ಯಾಕೆಂದು ಅವಳಿಗೂ ತಿಳಿದಿತ್ತು, ಆ ದಿನದಿಂದ ಅನ್ನ ಬಿಟ್ಟಳು. ಹಾಲು ಕೊಟ್ಟರೆ ತುಟಿಗೆ ಹಚ್ಚಿ ಇಡುವಳು. ಗೋಡೆ ಕಡೆ ತಿರುಗಿ ಮಲಗುವಳು. ನಾನು ಬೈದೆ, ಹೆದರಿಸಿದೆ, ಕೈ ಮುಗಿದೆ. ಕದರಯ್ಯ ಬಂದು ನಾನು ಒಡೆದೇ ಇಲ್ಲ ಕಣೇ ಎಂದರೆ ಅವಳು ಅವನ ಮುಖವನ್ನೂ ನೋಡಲಿಲ್ಲ. ಬೀಡಿ ಬಿಟ್ಟಿದ್ದೇನೆ ಎಂದು ದಿನಾ ಸುಳ್ಳು ಹೇಳುವ ಗಂಡನ ಮಾತು ಯಾರು ನಂಬುತ್ತಾರೆ? ಮಗುವಿನ ತೂಕ ಏರುತ್ತಿಲ್ಲ, ತಾಯಿ ಉಣ್ಣದಿದ್ದರೆ ಇದೂ ಕೈತಪ್ಪುತ್ತದೆ ಎಂದು ಡಾಕ್ಟರು ನನಗೆ ಹೇಳಿದರು.

ಕೊನೆಗೆ ರಂಗಲಕ್ಷ್ಮಮ್ಮನೇ ಬಾಯಿ ಬಿಟ್ಟಳು. "ಸರ್ವರಮ್ಮನ್ನ ಕರೀರಿ ಸಿಸ್ಟರ್. ಆಯಮ್ಮ ಸುಳ್ಳು ಹೇಳಲ್ಲ. ಆಯಮ್ಮ ಹೇಳಿದ್ರೆ ಉಣ್ತೀನಿ."

ಸತ್ಯಕ್ಕೆ ಹುಟ್ಟಿದ ಆ ಹೆಂಗಸನ್ನು ಶೆಡ್ಡಿನ ಹಿಂದೆ ನಿಲ್ಲಿಸಿಕೊಂಡು ಬೇಡಿದೆ. "ನೋಡಮ್ಮ, ಜೀವಮಾನದಲ್ಲಿ ಒಂದೇ ಒಂದು ಸಲ. ಕದರಯ್ಯ ಒಡೆದಿಲ್ಲ ಅಂತ ಹೇಳು. ಒಂದು ಮಾತು, ಒಂದು ಮಗು."

"ನನ್ನ ಕೈಲಾಗಲ್ಲ ಸಿಸ್ಟರ್. ಅವ್ಳು ನನ್ನನ್ನೇ ನಂಬಿ ಕೇಳ್ತಾ ಅವ್ಳೆ. ನಂಬಿದೋರಿಗೆ ಹೆಂಗೆ ಹೇಳ್ಲಿ?"

"ಹಾಗಾದ್ರೆ ಹೋಗು, ಇದ್ದದ್ದು ಹೇಳು, ಎರಡೂ ಜೀವ ತೆಗೆದು ನಿನ್ನ ಸತ್ಯ ಉಳಿಸ್ಕೋ!" ಎಂದು ಕಿರುಚಿದೆ. ಆಕೆ ವಾರ್ಡಿಗೆ ನಡೆದಳು. ನಾನು ಹಿಂದೆಯೇ ಓಡಿದೆ.

ರಂಗಲಕ್ಷ್ಮಮ್ಮ ಎದ್ದು ಕುಳಿತಳು. ಆಯಾ ಬಕೆಟ್ಟು ಕೆಳಗಿಟ್ಟು ನಿಂತಳು. "ಹೇಳಮ್ಮ. ನಮ್ಮನೆಯವ್ರು ಒಡೆದ್ರಾ, ಇಲ್ವಾ?"

ಸರ್ವರ್ ಬೇಗಂ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಯಿ ತೆರೆದಳು, ಮುಚ್ಚಿದಳು. ನಾನು ಮನೆದೇವರಿಗೆ ಹರಕೆ ಹೊತ್ತೆ.

"ಅವ್ನು ಎಲ್ಲಿ ಒಡೀತಾನೆ," ಎಂದಳು. "ಮನೇಲೇ ನಾನು ಚಾಕು ಹಾಕಿ ಸೀಳಿ ತರ್ತಿದ್ದೆ, ಕೆಳಗಡೆಯಿಂದ, ಕಾಣದಂಗೆ. ಇವ್ನು ಮೇಲೆ ಮಚ್ಚು ಇಡ್ತಿದ್ದ ಅಷ್ಟೆ. ಮೊದಲನೇ ಏಟು ಎಲ್ಲಾನೂ ನಂದೇ. ತಪ್ಪು ಇದ್ರೆ ನಂದು. ನಿಂದೂ ಅಲ್ಲ, ನಿನ್ನ ಗಂಡಂದೂ ಅಲ್ಲ."

ರಂಗಲಕ್ಷ್ಮಮ್ಮ ಆಕೆಯ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, "ಸಿಸ್ಟರ್, ಮುದ್ದೆ ಐತಾ?" ಎಂದಳು. ಉಂಡಳು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ವಾರ್ಡಿನಿಂದ ಆಯಾ, ಆಯಾಳಿಂದ ತಿಪ್ಪಯ್ಯನ ಅಂಗಡಿ, ಅಂಗಡಿಯಿಂದ ಅಂಗಳ. ಎರಡು ಬೇಸಿಗೆಯಿಂದ ಈ ಗಂಡ ಸತ್ತವಳು ಸೀಳಿದ ಕಾಯಿಯನ್ನು ಗಂಡಸು ಒಡೆದದ್ದು ಎಂದು ಬಸುರಿಯರ ಮನೆಯವರಿಗೆ ತಿನ್ನಿಸಿದ್ದಾಳೆ! ಹಿಂದಿನ ವರ್ಷ ವಾರ್ಡಿನಲ್ಲಿ ಹೋದ ಮಗುವಿನ ಲೆಕ್ಕವೂ, ಅದರ ಹಿಂದಿನದೂ, ಎಲ್ಲ ಆಕೆಯ ತಲೆಗೆ ಬಂತು. ಕುಂಬಳಕಾಯಿ ಮಾತ್ರವಲ್ಲ, ಸಬ್ಬಸಿಗೆಯನ್ನೂ ಮುಟ್ಟಲಿಲ್ಲ. ಅಂಗಳದ ಜನ ವಾರಕ್ಕೊಮ್ಮೆ ಬದಲಾಗುತ್ತಾರೆ, ಹೊಸಬರು ಬಂದರೆ ಸರಿಹೋಗುತ್ತದೆ ಎಂದುಕೊಂಡೆ. ಹೊಸಬರು ಬಸ್ಸಿಳಿದು ಮೊದಲು ಹೋಗುವುದೇ ತಿಪ್ಪಯ್ಯನ ಅಂಗಡಿಗೆ. ಟೀ ಲೋಟದ ಜೊತೆಗೇ ಅವನು ಈ ಕಥೆಯನ್ನೂ ಕೊಡುತ್ತಿದ್ದ.

ಸರ್ವರ್ ಬೇಗಂ ಬುಟ್ಟಿ ತರುವುದನ್ನು ನಿಲ್ಲಿಸಿದಳಾ? ಇಲ್ಲ! ದಿನಾ ತಂದು ಗೇಟಿನ ಪಕ್ಕ ಕೂರುವಳು. ಮಧ್ಯಾಹ್ನದವರೆಗೂ ಕುಳಿತು, ತಂದದ್ದನ್ನು ಹಾಗೇ ಹೊತ್ತು ಹೋಗಿ ಯಾರದೋ ಹಸುವಿಗೆ ಹಾಕುವಳು. ಮಾರ್ಕೆಟ್ಟಿಗಾದರೂ ಹಾಕಮ್ಮ ಎಂದರೆ ಮಾರೋಕೆ ಬೆಳೆದದ್ದಲ್ಲ ಎನ್ನುವಳು. ಬಿಸಿಲಲ್ಲಿ ಸೊಪ್ಪು ಬಾಡಿದ ಹಾಗೆ ಆಕೆಯೂ ಬಾಡಿದಳು. ಅಂಗಳದಲ್ಲಿ ಮತ್ತೆ ಉಪ್ಪುನೀರು, ಮುದ್ದೆ. ಆಕೆ ಅದನ್ನು ಅಲ್ಲಿಂದಲೇ ನೋಡುತ್ತ ಕೂರುತ್ತಿದ್ದಳು. "ನಮಾಜಲ್ಲಿ ದಿನಾ ತೋಬಾ ಕೇಳ್ತೀನಿ ಸಿಸ್ಟರ್, ಸುಳ್ಳು ಹೇಳಿದ್ದಕ್ಕೆ," ಎಂದಳು ಒಂದು ದಿನ. ಆಕೆಯ ಕೈ ಹಿಡಿದುಕೊಳ್ಳಲೋ ಕೆನ್ನೆಗೆ ಬಾರಿಸಲೋ ನನಗೆ ತಿಳಿಯಲಿಲ್ಲ.

ನಿಜ ಹೇಳಬೇಕಾದವನು ಕದರಯ್ಯ. ಹೆಂಡತಿಯ ಕಿವಿಗೆ ಬಿದ್ದೀತೆಂದು ನನ್ನ ಬಾಯಿಗೆ ಬೀಗ, ಸರಿ. ಹೆರಿಗೆ ಆದ ಮೇಲಾದರೂ ಹೇಳಬೇಡವೇ? ಹೆಣ್ಣು ಮಗು ಹುಟ್ಟಿತು. ಸಣ್ಣದು, ಆದರೆ ಗಟ್ಟಿ ಗಂಟಲು, ಕೈಕಾಲು ಎಲ್ಲ ನೆಟ್ಟಗಿದ್ದವು. ಕದರಯ್ಯನನ್ನು ಹಿಡಿದೆ. "ಪುರುಡು ಕಳೀಲಿ ಸಿಸ್ಟರ್," ಎಂದ. ಪುರುಡು ಕಳೆಯಿತು, ರಂಗಲಕ್ಷ್ಮಮ್ಮ ಬಾಣಂತನಕ್ಕೆ ಊರಿಗೆ ಹೋದಳು. "ತೊಟ್ಟಿಲು ಶಾಸ್ತ್ರ ಆಗ್ಲಿ." ಅದೂ ಆಯಿತು. "ಮಗು ಕತ್ತು ನಿಲ್ಲಲಿ." "ಒಂದು ಹಲ್ಲು ಬರ್ಲಿ, ಈಗ್ಲೇ ಬಾಯಿಬಿಟ್ರೆ ಏನಾದ್ರೂ ಆದೀತು." ಆ ಕುಂಬಳಕಾಯಿಗಳನ್ನೆಲ್ಲ ಇವನ ತಲೆಯ ಮೇಲೇ ಒಡೆಯಬೇಕಿತ್ತು ಎನ್ನಿಸಿತು. ಆ ವರ್ಷ ಮಳೆಗಾಲವೂ ಹೋಯಿತು, ಚಳಿಗಾಲ ಬಂತು. ತೋಟದಲ್ಲಿ ಹೊಸ ಕುಂಬಳಕಾಯಿಗಳು ಮತ್ತೆ ಹತ್ತಿ ಮೆತ್ತೆಯ ಮೇಲೆ ಮಲಗಿದವು, ಕೇಳುವವರಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಬರುವಾಗ ಗೇಟಿನ ಒಂದು ಕಡೆ ಸರ್ವರ್ ಬೇಗಂ, ಮುಂದೆ ಒಂದು ಕುಂಬಳಕಾಯಿ. ಇನ್ನೊಂದು ಕಡೆ ತಿಪ್ಪಯ್ಯ, ಗುಬ್ಬಿ ಕಡೆಯಿಂದ ಬಂದ ಹೊಸಬರಿಗೆ ಟೀ ಕೊಡುತ್ತ, "ಅಕಾ, ಆಯಮ್ಮನ ಕೈದು ಏನೂ ತಗೋಬ್ಯಾಡಿ," ಎಂದು ಶುರು ಮಾಡಿದ್ದ. ಅದೇ ಹೊತ್ತಿಗೆ ಊರಿನಿಂದ ಮಗು ಎತ್ತಿಕೊಂಡು ಬಂದ ರಂಗಲಕ್ಷ್ಮಮ್ಮ ಅಂಗಡಿಯ ಹಿಂದೆ ನಿಂತಿದ್ದಳು. ಅವನು ಪೂರ್ತಿ ಹೇಳುವವರೆಗೂ ಕೇಳಿಸಿಕೊಂಡಳು.

"ಏಯ್ ತಿಪ್ಪಯ್ಯ," ಎಂದಳು. "ಕಾಯಿ ಒಡೆದದ್ದು ನನ್ನ ಗಂಡ ಕಣೋ. ಇಕೋ ಇಲ್ಲೇ ಗೇಟಲ್ಲಿ ಕಲ್ಲಾಗಿ ನಿಂತವ್ನಲ್ಲ, ಇವ್ನು. ನನಗೆ ಮೂರು ತಿಂಗಳಾಗಿತ್ತು, ಊಟದ ಡಬ್ಬಿ ತಂದಿದ್ದೆ, ಕಣ್ಣಾರೆ ನೋಡ್ದೆ. ಮಚ್ಚು ಎತ್ತಿ ಒಂದೇ ಏಟಿಗೆ ಎರಡು ಹೋಳು ಮಾಡ್ದ. ಡಬ್ಬಿ ವಾಪಸ್ ತಗೊಂಡು ಮನೆಗೆ ಹೋದೆ. ಕಾಲು ಊದಿದಾಗ ಇದೂ ಹೋಯ್ತು ಅಂದ್ಕೊಂಡೆ. ಈಗ ನೋಡ್ಕಳಿ, ಮಗುಗೆ ಏನಾಗೈತೆ?" ಎಂದು ಮಗುವಿನ ಕುಲಾವಿ ತೆಗೆದು, ಅಂಗಿ ಎತ್ತಿ, ಅಲ್ಲಿದ್ದವರಿಗೆಲ್ಲ ತೋರಿಸಿದಳು. ಮಗು ಚಳಿಗೆ ಕಿರುಚಿಕೊಂಡಿತು.

ನನಗೆ ಮೈಯೆಲ್ಲ ಉರಿದುಹೋಯಿತು. "ನೋಡಿದ್ಯಾ? ನೋಡಿದ್ಮೇಲೆ ಮತ್ತೆ ಇವಳನ್ನ ಯಾಕೆ ಕೇಳ್ದೆ? ಸುಳ್ಳು ಅಂತ ಗೊತ್ತಿದ್ದೂ ಹೆಂಗೆ ಉಂಡೆ?"

ರಂಗಲಕ್ಷ್ಮಮ್ಮ ನನ್ನ ಕಡೆ ತಿರುಗಿದಳು. "ಇಷ್ಟು ಮಕ್ಕಳು ಹೋದ್ವಲ್ಲ ಸಿಸ್ಟರ್, ಒಂದೊಂದು ಸಲಾನೂ ಎಲ್ರೂ ನಿನ್ನದೇ ತಪ್ಪು ಅಂದ್ರು. ಅತ್ತೆ ಅಂದ್ಲು, ಇವ್ನೂ ಅಂದ. ಭಾರ ಎತ್ತಿದೆ ಅಂತ ನೀವೂ ಬೈದ್ರಿ. ತಪ್ಪು ನಂದು ಅಂತ ಒಬ್ರೂ ಅಂದಿರ್ಲಿಲ್ಲ. ಸುಳ್ಳು ಹೇಳಕ್ಕೆ ಬರದೇ ಇರೋ ಈಯಮ್ಮ ನನಗೋಸ್ಕರ ಹಂಗಂದ್ಲು. ಅದಕ್ಕೇ ಅನ್ನ ಇಳೀತು."

ತಿಪ್ಪಯ್ಯ ಇಲ್ಲದ ಕೊಳೆಯನ್ನು ಲೋಟದಿಂದ ಉಜ್ಜತೊಡಗಿದ. ಕದರಯ್ಯ ತಲೆ ಎತ್ತಲಿಲ್ಲ. ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ರಂಗಲಕ್ಷ್ಮಮ್ಮ ಮಗುವನ್ನು ತಂದು ಸರ್ವರ್ ಬೇಗಂ ಮಡಿಲಿಗೆ ಹಾಕಿದಳು. ಗೇಟಿನ ಪಕ್ಕದ ಗಂಡನ ಕೋಣೆಗೆ ಹೋಗಿ ಮಚ್ಚು ತಂದಳು. ಚಪ್ಪಲಿ ಬಿಡಲಿಲ್ಲ, ಪೂರ್ವಕ್ಕೂ ತಿರುಗಲಿಲ್ಲ. ಕಾಯಿಯ ಮೇಲೆ ಕಾಲು ಇಟ್ಟು ಒಂದು ಏಟು ಹಾಕಿದಳು, ಸೀಳಲಿಲ್ಲ. ಇನ್ನೊಂದು ಹಾಕಿದಳು. ಬೀಜ ಸಮೇತ ಎರಡು ಹೋಳಾಯಿತು. ಯಾರೂ ಮುಂದೆ ಬರಲಿಲ್ಲ. ಗುಬ್ಬಿ ಕಡೆಯ ಒಬ್ಬಳು ಮುದುಕಿ ಟೀ ಲೋಟ ಅಲ್ಲೇ ಇಟ್ಟು, ತನ್ನ ತಟ್ಟೆ ಹಿಡಿದುಕೊಂಡು ಎದ್ದಳು. "ನಿನ್ನೆ ಬೆಳಿಗ್ಗೆಯಿಂದ ಹೊಟ್ಟೆಗೇನಿಲ್ಲ ಕಣ್ ತಾಯಿ. ಯಾರು ಒಡೆದ್ರೇನು, ಹಾಕು ಇತ್ಲಾಗೆ." ಅವಳ ಹಿಂದೆ ಇನ್ನೊಬ್ಬಳು ಎದ್ದಳು. ರಂಗಲಕ್ಷ್ಮಮ್ಮ ಹೆಚ್ಚತೊಡಗಿದಳು.

ಸರ್ವರ್ ಬೇಗಂ ಕಣ್ಣಲ್ಲಿ ನೀರು ಧಾರಾಕಾರ. ಮಗುವಿಗೆ ತನ್ನ ಸೆರಗು ಸುತ್ತಿ, ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಈಗಲಾದರೂ ಒಂದು ಒಳ್ಳೆಯ ಮಾತು ಆಡುತ್ತಾಳೆ ಎಂದು ನಾನು ನೋಡಿದೆ.

"ಅಷ್ಟು ದಪ್ಪಕ್ಕೆ ಹೆಚ್ಚಬೇಡ ರಂಗೀ," ಎಂದಳು. "ಬೇಯಲ್ಲ, ಆಯಮ್ಮಂಗೆ ಹಸಿವಾಗೈತೆ."